ನೋಟಿಗೆ ಚಾರ್ಜು ಎಲ್ಲಿ ಹಾಕುವುದು?



ವಿಜ್ಞಾನ, ತಂತ್ರಜ್ಞಾನಗಳ ಸುದ್ದಿಯನ್ನು ಓದುವವರು ನಮ್ಮ ಸೀಮೆಯಲ್ಲಿ ಒಬ್ಬರಿದ್ದರೆ, ಓದಿಸಿ ಕೇಳಿ ಅದರ ಮೇಲೆ ಮಾತಾಡುವವರು ಹತ್ತು ಮಂದಿ ಇರುತ್ತಾರೆ. ಸುದ್ದಿ ಗೇಣುದ್ದವಿದ್ದರೆ ಮಾತು ಮಾರುದ್ದ. ಆ ಮಾತಿನಲ್ಲಿ ನಗೆಯಿರುತ್ತದೆ, ಕುಚೋದ್ಯವಿರುತ್ತದೆ, ಸಂಶಯವಂತೂ ಇದ್ದೇ ಇರುತ್ತದೆ. ಕಲಿತವರು ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವುದುಂಟು. ನಾವು ಹಾಗೆ ತಳ್ಳಿಹಾಕಲಾರೆವು. ಹುನಗುಂದ, ಬಾಗಲಕೋಟೆ, ಬಾದಾಮಿ, ಇಳಕಲ್ಲುಗಳಲ್ಲಿ ನಾವು ಕೇಳಿದ ಇಂಥ ಮಾತುಗಳನ್ನು ಈ ತಿಂಗಳು ಒಂದೆಡೆ ಕೂಡಿಸಿ ನೋಡಿದಾಗ, ಕೆಲವು ನಗೆಗಳು ಪಂಡಿತರಿಗಿಂತ ಜಾಣತನದವು ಎನಿಸಿದವು. ಬೇರೆ ಕೆಲವು ನಗೆಗಳಿಗೆ ಮಾತ್ರ ನಮ್ಮ ಜನ ಬಹಳ ಬೆಲೆ ತೆತ್ತಿದ್ದಾರೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರವೇನು ಎಂಬುದೇ ಇಂದಿನ ನಮ್ಮ ವಿಚಾರ.

ಮೊದಲು ಹುನಗುಂದದ ಮಾತು. 2016ರ ನವೆಂಬರ್ 8ರ ರಾತ್ರಿ ಐದುನೂರು ಹಾಗೂ ಸಾವಿರ ರೂಪಾಯಿಯ ಹಳೆಯ ನೋಟುಗಳ ಚಲಾವಣೆ ರದ್ದಾಯಿತಷ್ಟೆ. ಅವುಗಳ ಬೆನ್ನಿಗೆ ಎರಡು ಸಾವಿರದ ಹೊಸ ನೋಟು ಬಂದಿತು. ನೋಟು ಜನರ ಕೈಗೆ ಬರುವ ಮೊದಲೇ ಅದರ ಪುರಾಣ ಬಂದು ಮುಟ್ಟಿತು. ಅದರೊಳಗೆ ಕಣ್ಣಿಗೆ ಕಾಣದ ನ್ಯಾನೋ ಚಿಪ್ ಇದೆಯಂತೆ. ನೆಲದೊಳಗೆ 120 ಮೀಟರ್ ಆಳದಲ್ಲಿ ಹೂತಿಟ್ಟರೂ ಆಕಾಶದ ಉಪಗ್ರಹಕ್ಕೆ ತಾನಿರುವ ಠಾವನ್ನು ತಿಳಿಸುತ್ತದೆಯಂತೆ! ಮೊಬೈಲಿನಿಂದ ಮೊಬೈಲಿಗೆ ಹಾರಿದ ಈ ಸುದ್ದಿಯನ್ನು ಕೆಲವು ಸುದ್ದಿವಾಹಿನಿಗಳೂ ಗಂಭೀರವಾಗಿಯೇ ಬಿತ್ತರಿಸಿದವು.

ಆ ದಿನಗಳಲ್ಲಿ ಹುನಗುಂದದ ಚಹಾದಂಗಡಿಯೊಂದರಲ್ಲಿ ನಾವು ಕುಳಿತಿದ್ದೆವು. ತರುಣನೊಬ್ಬ ಈ ಸುದ್ದಿಯನ್ನು ಗಟ್ಟಿಯಾಗಿ ಓದಿ ಹೇಳಿದ. ಬೆಂಚಿನ ತುದಿಯಲ್ಲಿದ್ದ ಹಿರಿಯ ಒಕ್ಕಲಿಗರೊಬ್ಬರು, “ಹಂಗಾರ ಛಲೋ ಆತು ಬಿಡು. ನಮ್ಮ ಎಮ್ಮಿ ಕೊರಳಿಗೆ ಒಂದು ನೋಟು ಕಟ್ಟಿಬಿಡ್ತೀನಿ. ತಪ್ಪಿಸಿಕೊಂಡ್ರ ದಿಲ್ಲಿಗೆ ಫೋನ್ ಮಾಡಿ ಎಲ್ಲೈತಿ ಅಂತ ಕೇಳಿದ್ರಾತು” ಎಂದರು. ಅವರ ಪಕ್ಕದವರು, “ನಮ್ಮ ಹಗೇವು ಎಷ್ಟು ಆಳ ಇದ್ದೀತು ಕಾಕಾ? ನೂರಾ ಇಪ್ಪತ್ತು ಮೀಟರ್ ಹಗೇವು ತೋಡೂವಷ್ಟು ರೊಕ್ಕ ಇದ್ದಾಂವ ಅದರಾಗ ನೋಟು ಯಾಕ ಹೂಳ್ತಾನ?” ಎಂದು ಸೇರಿಸಿದರು. ಅಂಗಡಿಯೆಲ್ಲ ನಕ್ಕಿತು. ನಗೆ ಇಳಿದ ಮೇಲೆ ಆ ಹಿರಿಯರು ಕಪ್ಪು ಕೆಳಗಿಟ್ಟು ನಿಧಾನವಾಗಿ ಕೇಳಿದರು: “ಅದೆಲ್ಲಾ ಇರಲಿ ತಮ್ಮಾ. ನನ್ನ ಮೊಬೈಲಿಗೆ ದಿನಾ ಚಾರ್ಜ್ ಹಾಕಬೇಕು. ಈ ನೋಟಿಗೆ ಚಾರ್ಜ್ ಎಲ್ಲಿ ಹಾಕೂದು?”

ಓದುಗರೇ, ಇಡೀ ಪುರಾಣವನ್ನು ಮುರಿಯಲು ಇದೊಂದೇ ಪ್ರಶ್ನೆ ಸಾಕಾಗಿತ್ತು. ಉಪಗ್ರಹದವರೆಗೆ ಸಂಕೇತ ಕಳಿಸಬೇಕಾದರೆ ಶಕ್ತಿ ಬೇಕು, ಆಂಟೆನಾ ಬೇಕು. ಕಾಗದದ ನೋಟಿನಲ್ಲಿ ಇವೆರಡೂ ಇಲ್ಲ. ಬ್ಯಾಟರಿಯಿಲ್ಲದ ಚಿಪ್ಪುಗಳು ಇಲ್ಲವೆಂದಲ್ಲ. ವಾಹನದ ಗಾಜಿಗೆ ಅಂಟಿಸುವ ಫಾಸ್ಟ್ಯಾಗಿನಲ್ಲಿ ಅಂಥದೇ ಇದೆ. ಆದರೆ ಟೋಲ್ ನಾಕೆಯ ಯಂತ್ರವು ರೇಡಿಯೋ ಅಲೆಗಳ ಮೂಲಕ ತಾನೇ ಶಕ್ತಿ ಒದಗಿಸಿದಾಗ ಮಾತ್ರ ಅದು ಮಾತಾಡುತ್ತದೆ. ಅದೂ ಕೆಲವೇ ಮೀಟರುಗಳ ಅಂತರದಲ್ಲಿ. ನೋಟಿನಲ್ಲಿ ಚಿಪ್ಪಿಲ್ಲವೆಂದು ರಿಸರ್ವ್ ಬ್ಯಾಂಕಿನ ಕಡೆಯಿಂದಲೂ ಸ್ಪಷ್ಟನೆ ಬಂದಿತು. ಮುಂದೆ 2023ರ ಮೇ 19ರಂದು ಆ ನೋಟನ್ನೇ ಚಲಾವಣೆಯಿಂದ ಹಿಂತೆಗೆದುಕೊಳ್ಳುವ ಪ್ರಕಟಣೆ ಹೊರಟಾಗ ಅದೇ ಹಿರಿಯರು ನಮಗೆ ಸಿಕ್ಕು, “ಚಿಪ್ ಇದ್ದಿದ್ರ ತಂದುಕೊಡ್ರಿ ಅಂತ ನಮಗ್ಯಾಕ ಹೇಳ್ತಿದ್ರು? ಅವರ ಬಂದು ಹುಡುಕಿಕೊಂಡು ಒಯ್ತಿದ್ರಲ್ಲ!” ಎಂದು ಮತ್ತೆ ನಗಿಸಿದರು.

ಆದರೆ ಇಂಥದೇ ನಗೆ ನಮ್ಮನ್ನು ಎಲ್ಲ ಕಾಲಕ್ಕೂ ಕಾಪಾಡಲಿಲ್ಲ. ಅದಕ್ಕೆ ಬಾಗಲಕೋಟೆಯೇ ಸಾಕ್ಷಿ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದರು. ಬಾಗಲಕೋಟೆ ಮುಳುಗುತ್ತದೆ ಎಂಬ ಸುದ್ದಿಗೆ ಹಳೆಯ ಊರಿನ ಕಟ್ಟೆಗಳ ಮೇಲೆ ಹುಟ್ಟಿದ ಉತ್ತರವನ್ನು ನಾವು ಹಿರಿಯರ ಬಾಯಿಂದ ಕೇಳಿ ಬಲ್ಲೆವು: “ಕೃಷ್ಣಾ ಹೊಳಿಗೆ ಆಲಮಟ್ಟ್ಯಾಗ ಒಡ್ಡು ಹಾಕಿದ್ರ, ಘಟಪ್ರಭಾ ದಂಡಿ ಮ್ಯಾಲಿನ ನಮ್ಮ ಊರಿಗೆ ನೀರು ಹೆಂಗ ಬರತೈತ್ರೀ? ನೀರು ತಗ್ಗಿಗೆ ಹರೀತೈತೋ, ದಿನ್ನಿ ಹತ್ತತೈತೋ?” ಈ ಮಾತಿಗೂ ಊರೆಲ್ಲ ನಕ್ಕಿತ್ತು.

ಪ್ರಶ್ನೆ ಚೆನ್ನಾಗಿಯೇ ಇತ್ತು. ಅದಕ್ಕೆ ಉತ್ತರವೂ ಇತ್ತು. ಹರಿಯುವ ನೀರು ತಗ್ಗಿಗೆ ಇಳಿಯುತ್ತದೆ. ತಡೆದು ನಿಲ್ಲಿಸಿದ ನೀರು ಮಟ್ಟ ಹಿಡಿದು ಹರಡುತ್ತದೆ. ಘಟಪ್ರಭೆಯು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುವುದು ಆಲಮಟ್ಟಿಗಿಂತ ಮೇಲ್ಭಾಗದಲ್ಲಿ. ಆಲಮಟ್ಟಿಯಲ್ಲಿ ಸಮುದ್ರಮಟ್ಟದಿಂದ 519.60 ಮೀಟರಿನವರೆಗೆ ನೀರು ನಿಲ್ಲಿಸಿದರೆ, ಘಟಪ್ರಭೆಯ ದಂಡೆಯಲ್ಲಿ ಆ ಮಟ್ಟಕ್ಕಿಂತ ಕೆಳಗಿರುವ ಅಂಗಳಕ್ಕೆ ನೀರು ಬಾರದಿರಲು ಕಾರಣವೇ ಇಲ್ಲ. ಇದನ್ನು ಬಲ್ಲ ಸರ್ವೇಯವರು ಮಟ್ಟ ನೋಡುವ ಉಪಕರಣ ಹಿಡಿದು ಅದೇ ಓಣಿಗಳಲ್ಲಿ ತಿರುಗಿದ್ದರು. ಆದರೆ ಕಟ್ಟೆಯ ಮೇಲಿನ ಪ್ರಶ್ನೆಯನ್ನು ಜನ ಅವರಿಗೆ ಕೇಳಲಿಲ್ಲ. ತಮ್ಮ ತಮ್ಮಲ್ಲೇ ಕೇಳಿಕೊಂಡು ನಕ್ಕರು.

ವರ್ಷಗಳು ಉರುಳಿದರೂ ನೀರು ಬಾರದ್ದರಿಂದ ನಕ್ಕವರ ಮಾತೇ ನಿಜವೆಂದು ತೋರಿತು. ಕೊನೆಗೆ ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಹಿನ್ನೀರು ಏರಿ, ಹಳೆಯ ಊರಿನ ಭಾಗಗಳು ಮುಳುಗಿ, ಸಾವಿರಾರು ಕುಟುಂಬಗಳು ನವನಗರದ ದಾರಿ ಹಿಡಿಯಬೇಕಾಯಿತು. ನಮ್ಮ ಪರಿಚಯದ ಮನೆತನವೊಂದರ ಹಿರಿಯರು ನೀರು ಬರಲಾರದೆಂಬ ಭರವಸೆಯಿಂದ ಹಳೆಯ ಮನೆಗೆ ಕೈಯಲ್ಲಿದ್ದ ಹಣವನ್ನೆಲ್ಲ ಸುರಿದು ಹೊಸ ಮಾಳಿಗೆ ಹಾಕಿಸಿದ್ದರು. ಅವರು ಹೊರಡುವಾಗ ತಲಬಾಗಿಲಿನ ಸಾಗುವಾನಿ ಚೌಕಟ್ಟನ್ನು ಮಾತ್ರ ಬಿಚ್ಚಿ ಬಂಡಿಯಲ್ಲಿ ಹೇರಿಕೊಂಡು ಹೋದರು. ಅದು ಹೊಸ ಮನೆಯ ಅಳತೆಗೆ ಹೊಂದಲಿಲ್ಲ. ಈಗಲೂ ನವನಗರದ ಅವರ ಹಿತ್ತಲಿನ ಗೋಡೆಗೆ ಅದು ಒರಗಿ ನಿಂತಿದೆ.

ಇದೇ ನೀರಿನ ಲೆಕ್ಕವನ್ನು ನಂಬಿ ನಡೆದ ಕಡೆ ಏನಾಯಿತೆಂಬುದನ್ನೂ ನೋಡಬೇಕು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವು ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವಿದೆ. ಅಲ್ಲಿ ಮಂಟಪದ ಸುತ್ತ ಬಾವಿಯಂತೆ ಭದ್ರವಾದ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡರು. ಇಂದು ನಾವು ಮೆಟ್ಟಿಲಿಳಿದು ಐಕ್ಯಸ್ಥಳಕ್ಕೆ ಕೈಮುಗಿಯುವಾಗ ಹೊರಗಿನ ನೀರು ನಮ್ಮ ತಲೆಗಿಂತ ಮೇಲಿರಬಹುದು. ಒಳಗೆ ಭಕ್ತರು ನಿಶ್ಚಿಂತರಾಗಿ ನಿಂತಿರುತ್ತಾರೆ.

ಇವೆಲ್ಲ ಹಳೆಯ ಮಾತಾದವು, ಈಗಿನ ಜನ ಜಾಣರು ಎನ್ನುವವರಿಗೆ ಬಾದಾಮಿಯ ಸಂಗತಿ ಹೇಳಬೇಕು. 2024ರಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬ ಹೊಸ ವಂಚನೆಯ ಸುದ್ದಿ ದಿನವೂ ಬರತೊಡಗಿತು. ಆ ವರ್ಷದ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಪ್ರಧಾನಿಯವರೂ ಅದರ ಬಗೆಗೆ ಎಚ್ಚರಿಸಿದರು. ಬಾದಾಮಿಯ ವಾಚನಾಲಯದಲ್ಲಿ ಈ ಸುದ್ದಿ ಓದಿದ ನಿವೃತ್ತ ಶಿಕ್ಷಕರೊಬ್ಬರು, ನಮಗೆ ಬಹುಕಾಲದ ಸ್ನೇಹಿತರು, “ಫೋನಿನ್ಯಾಗ ಜೇಲಿಗೆ ಹಾಕ್ತಾರಂತ! ಹಂಗಾರ ರೊಟ್ಟಿ ಊಟಾನೂ ಫೋನಿನ್ಯಾಗ ಕಳಸ್ತಾರೇನು?” ಎಂದು ಎಲ್ಲರನ್ನೂ ನಗಿಸಿದರು. ಆ ಮಾತು ಊರಲ್ಲಿ ನಾಲ್ಕು ದಿನ ಓಡಾಡಿತು.

ಮುಂದೆ ಬನದ ಹುಣ್ಣಿಮೆಗೆ ನಾವು ಬನಶಂಕರಿ ಜಾತ್ರೆಗೆ ಹೋಗಿದ್ದೆವು. ಒಂದೇ ರಾತ್ರಿ ಎರಡು ಕಂಪನಿಗಳ ನಾಟಕ ನೋಡುವ ನಮ್ಮ ಗೆಳೆಯರು ಆ ಸಲ ಯಾವ ಥೇಟರಿನಲ್ಲೂ ಕಾಣಲಿಲ್ಲ. ಹುಡುಕುತ್ತ ಹೋದರೆ ಹೊಂಡದ ಮೆಟ್ಟಿಲ ಮೇಲೆ ಒಬ್ಬರೇ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟರು. ಒಂದು ಮುಂಜಾನೆ ಅವರಿಗೆ ವಿಡಿಯೋ ಕರೆ ಬಂದಿತ್ತು. ಎದುರಿಗೆ ಖಾಕಿ ಸಮವಸ್ತ್ರ, ಹಿಂದೆ ಠಾಣೆಯ ಗೋಡೆ. ಅವರ ಹೆಸರಿನ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದರು, ಆಧಾರ್ ಸಂಖ್ಯೆಯನ್ನು ತಪ್ಪಿಲ್ಲದೆ ಹೇಳಿದರು, ಕೋಣೆ ಬಿಟ್ಟು ಕದಲಬಾರದು, ಮನೆಯವರಿಗೆ ತಿಳಿಸಬಾರದು ಎಂದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೂ ಹೇಳದೆ ನಮ್ಮ ಗೆಳೆಯರು ಸಂಜೆಯವರೆಗೆ ಕೋಣೆಯಲ್ಲೇ ಕುಳಿತು, ನಿವೃತ್ತಿಯ ಗಂಟನ್ನು ಕಂತುಕಂತಾಗಿ ಕಳಿಸಿಕೊಟ್ಟರು.

“ಸುದ್ದಿ ಓದಿದ್ರಲ್ಲ ಗುರುಗಳ?” ಎಂದೆವು.

“ಓದಿದ್ದೆ. ಆದ್ರ ನನಗದು ನಗೂ ಸುದ್ದಿ ಆಗಿತ್ತು. ನನಗ ಸಂಬಂಧಪಟ್ಟದ್ದು ಅಂತ ಓದಿರಲಿಲ್ಲ.”

ನಲವತ್ತು ದಿನಗಳಾಗಿದ್ದವು. ಯಾರಿಗೂ ಹೇಳಿರಲಿಲ್ಲ. ಏಕೆಂದು ಕೇಳಿದರೆ ಅವರಾಡಿದ ಮಾತು ನಮ್ಮ ಎದೆಯಲ್ಲಿ ಇಂದಿಗೂ ಚುಚ್ಚುತ್ತದೆ: “ಊರಿಗೆಲ್ಲ ನಾನ ನಗಸಿದ್ದೆ. ಈಗ ಹೇಳಿದ್ರ ಊರೆಲ್ಲ ನನ್ನ ನೋಡಿ ನಗತದ.”

ಹಣ ಹೋದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿದರೆ, ಅದು ಮುಂದಿನ ಕೈ ಸೇರುವ ಮುನ್ನ ಬ್ಯಾಂಕಿನಲ್ಲೇ ತಡೆಹಿಡಿಯುವ ಅವಕಾಶವಿರುತ್ತದೆ. ತಡವಾದಷ್ಟೂ ಆ ಬಾಗಿಲು ಮುಚ್ಚುತ್ತ ಹೋಗುತ್ತದೆ. ವಂಚಕರು ಕಸಿದದ್ದು ಹಣವನ್ನು. ಅದನ್ನು ಮರಳಿ ಪಡೆಯುವ ಅವಕಾಶವನ್ನು ಕಸಿದದ್ದು ನಾಚಿಕೆ. ಜಾತ್ರೆಯ ಮರುದಿನ ನಾವು ಅವರೊಡನೆ ಹೋಗಿ ದೂರು ಕೊಡಿಸಿದೆವು. ಹಣ ಬಂದಿಲ್ಲ. ಆದರೆ ಅದೇ ಸಂಜೆ ಅವರು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದಾಗ ಆ ತಾಯಿ ಅಂದದ್ದು ಇಷ್ಟೇ: “ರೊಕ್ಕ ಹೋದ್ರ ಹೋತ್ರೀ. ನಲವತ್ತು ದಿನ ಒಬ್ಬರ ಯಾಕ ಹೊತ್ತುಕೊಂಡು ತಿರುಗಿದ್ರಿ?”

ನಮ್ಮ ದೇಶದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ವಿಡಿಯೋ ಕರೆಯಲ್ಲಿ ಬಂಧಿಸಿ ಹಣ ಕೇಳುವ ಪೊಲೀಸರಿಲ್ಲ. ಇದನ್ನು ಪ್ರತಿ ಮನೆಯಲ್ಲಿ ಹಿರಿಯರಿಗೆ ಕಿರಿಯರು, ಕಿರಿಯರಿಗೆ ಹಿರಿಯರು ಹೇಳಬೇಕು. ‘ಮನೆಯವರಿಗೆ ಹೇಳಬೇಡಿ’ ಎಂದು ಯಾರಾದರೂ ಅಂದರೆ, ಮನೆಯವರಿಗೆ ಮೊದಲು ಹೇಳಬೇಕಾದ ಮಾತು ಅದೇ ಎಂದು ತಿಳಿಯಬೇಕು.

ಕೊನೆಗೆ ಇಳಕಲ್ಲಿನ ಮಾತು. ಈಚೆಗೆ ನಾವು ನೇಕಾರ ಬಂಧುವೊಬ್ಬರ ಮನೆಯಲ್ಲಿದ್ದೆವು. ಅಜ್ಜ ಕುಣಿಮಗ್ಗದಲ್ಲಿ ಕುಳಿತು ಸೆರಗಿನ ರೇಷ್ಮೆ ಹಾಸನ್ನು ಒಡಲಿನ ಹಾಸಿಗೆ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಿದ್ದರು. ಕಾಲೇಜಿನ ಮೊಮ್ಮಗ ಮೊಬೈಲು ನೋಡಿ, “ಅಜ್ಜಾ, ಇನ್ನ ಸೀರಿ ಡಿಸೈನ್ ಎಲ್ಲಾ ಕೃತಕ ಬುದ್ಧಿಮತ್ತೆನ ಮಾಡತೈತಂತ” ಎಂದ. ನಾವು ನಗೆಮಾತೊಂದನ್ನು ನಿರೀಕ್ಷಿಸಿದೆವು. ಅದು ಬಂದೇ ಬಂತು: “ಮಾಡಲಿ ಬಿಡು. ಎಳಿ ಹರದ್ರ ಗಂಟು ಯಾರು ಹಾಕ್ತಾರ ಕೇಳು ಅದಕ್ಕ.” ನಾವೆಲ್ಲ ನಕ್ಕೆವು. ಅಜ್ಜ ಮಾತ್ರ ನಗಲಿಲ್ಲ. “ಖರೇನ ಕೇಳು ತಮ್ಮಾ, ತಿಳಿದಾವರನ್ನ ಕೇಳಿ ಬಾ. ಕರೆಂಟ್ ಮಗ್ಗ ಬಂದಾಗ ನಾವು ನಕ್ಕಿದ್ವಿ. ಕೈಮಗ್ಗದಂಗ ನೇಯಾಕ ಅದರಪ್ಪನ ಕಡಿಂದೂ ಆಗೂದಿಲ್ಲ ಅಂದಿದ್ವಿ. ನಾವು ನಕ್ಕು ಮುಗಿಸೂದ್ರಾಗ ಅದರ ಸೀರಿ ಪ್ಯಾಟಿ ತುಂಬ ಬಂದಿದ್ವು” ಎಂದರು.

ಇಳಕಲ್ ಸೀರೆಗೆ ಇಂದು ಭೌಗೋಳಿಕ ಸೂಚಕದ ರಕ್ಷೆಯಿದೆ. ಆದರೂ ಕೈಮಗ್ಗದ ಸೀರೆಯಾವುದು, ವಿದ್ಯುತ್ ಮಗ್ಗದ ಸೀರೆಯಾವುದು ಎಂದು ಕೊಳ್ಳುವವರಿಗೆ ತಿಳಿಸುವ ಹೊಣೆ ನೇಕಾರರ ಹೆಗಲ ಮೇಲೆಯೇ ಉಳಿದಿದೆ. ಯಂತ್ರ ಚಿತ್ತಾರ ಬರೆಯಬಲ್ಲುದೇ, ಬರೆದರೆ ಅದರ ಲಾಭ ಯಾರಿಗೆ, ಮಗ್ಗದ ಮನೆಗೆ ಅದರಿಂದ ಉಪಯೋಗ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆಗಳನ್ನು ಈಗಲೇ ಕೇಳುವುದು ಆ ಅಜ್ಜನ ಪಾಲಿಗೆ ಅನ್ನದ ವಿಚಾರ.

ಹೀಗೆ ನೋಡಿದರೆ ನಾಲ್ಕೂ ಊರುಗಳಲ್ಲಿ ನಮ್ಮ ಜನ ಕೇಳಿದ ಪ್ರಶ್ನೆಗಳು ಒಳ್ಳೆಯವೇ. ಚಾರ್ಜು ಎಲ್ಲಿ ಹಾಕುವುದು, ನೀರು ದಿನ್ನೆ ಹತ್ತುವುದೇ, ಫೋನಿನಲ್ಲಿ ಸೆರೆಮನೆಯುಂಟೇ, ಗಂಟು ಹಾಕುವವರಾರು? ಉತ್ತರ ಬಲ್ಲವರ ಮುಂದೆ ಇಟ್ಟಾಗ ಅವು ನಮ್ಮನ್ನು ಕಾಯುತ್ತವೆ. ನಕ್ಕು ಕೈತೊಳೆದುಕೊಂಡಾಗ ಕೈಬಿಡುತ್ತವೆ. ಸಂಶಯವನ್ನು ಮನದಲ್ಲಿಟ್ಟುಕೊಳ್ಳದೆ ಎಲ್ಲರೆದುರು ಕೇಳಿ ಬಗೆಹರಿಸಿಕೊಳ್ಳುವ ಅನುಭವ ಮಂಟಪದ ಪರಂಪರೆ ನಮ್ಮದು. ಅದನ್ನು ಮೊಬೈಲಿನ ಸುದ್ದಿಗೂ ಅನ್ವಯಿಸಿಕೊಳ್ಳಲು ಅಡ್ಡಿಯೇನು?

ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಮೋಸಹೋದವರನ್ನು ಕಂಡು ನಗುವುದೂ ಒಂದು ಚಟವೇ. ಬಾದಾಮಿಯ ಹೊಂಡದ ಮೆಟ್ಟಿಲಲ್ಲಿ ಕುಳಿತಿದ್ದ ಗೆಳೆಯರನ್ನು ನೆನೆದು, ಅದೊಂದನ್ನು ನಾವು ಆ ಜೋಳಿಗೆಗೆ ಹಾಕಿದ್ದೇವೆ. ಓದುಗರೂ ಹಾಕಬೇಕೆಂದು ನಮ್ಮ ಬಿನ್ನಹ.