ಎಣಿಸುವುದೂ ಒಂದು ವಿದ್ಯೆ

ಪ್ರಾಣಿಶಾಸ್ತ್ರವೆಂದರೆ ಹುಲಿ ಸಿಂಹಗಳನ್ನು ಬೆನ್ನಟ್ಟುವ ಸಾಹಸವೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಭಾವಿಸಿದ್ದಾರೆ. ಧ್ರುವಪ್ರದೇಶದ ಮಾತು ಬಂದರಂತೂ, ಅದು ಇಂಗ್ಲಿಷ್ ಶಾಲೆಗಳಲ್ಲಿ ಕಲಿತವರ ಕೆಲಸ, ಗುಜರಾತಿನಲ್ಲಿದ್ದು ಕನ್ನಡದಲ್ಲಿ ಪಾಠ ಓದುವ ನಮಗೆ ಅದರಿಂದೇನು ಎನ್ನುತ್ತಾರೆ. ಈ ಎರಡು ಭಾವನೆಗಳೂ ಸರಿಯಲ್ಲವೆಂಬುದು ನನ್ನ ಮತ.

ಅಂಟಾರ್ಕ್ಟಿಕಾ ಖಂಡವು ನಮಗೆ ಪರಕೀಯವಲ್ಲ. ಡಾ. ಎಸ್. ಜೆಡ್. ಖಾಸಿಂ ಅವರ ನಾಯಕತ್ವದಲ್ಲಿ ಮೊದಲ ಭಾರತೀಯ ತಂಡವು 1982ರ ಜನವರಿಯಲ್ಲಿ ಅಲ್ಲಿ ಕಾಲಿಟ್ಟಿತು. ಇಂದು ಮೈತ್ರಿ, ಭಾರತಿ ಎಂಬ ನಮ್ಮ ಎರಡು ಕೇಂದ್ರಗಳು ಅಲ್ಲಿವೆ. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ವಿಜ್ಞಾನಿಗಳು ಉಪಗ್ರಹಗಳ ನೆರವಿನಿಂದ ಅಲ್ಲಿಯ ಹಿಮವನ್ನು ಅಭ್ಯಸಿಸಿದ್ದಾರೆ. ದೆಹರಾದೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು ನಮ್ಮ ತಂಡಗಳೊಡನೆ ಹೋಗಿ ಸೀಲ್ ಪ್ರಾಣಿಗಳನ್ನೂ ಹಕ್ಕಿಗಳನ್ನೂ ಎಣಿಸಿ ಬಂದಿದ್ದಾರೆ.

ಸೀಲ್ ಮೀನಿನಂತೆ ಈಜುವುದಾದರೂ ನಮ್ಮಂತೆ ಗಾಳಿಯನ್ನು ಉಸಿರಾಡಿ, ಮರಿಗೆ ಹಾಲೂಡಿಸುವ ಪ್ರಾಣಿ. ಅಲ್ಲಿಯ ವೆಡೆಲ್ ಸೀಲ್ ಸುಮಾರು 3 ಮೀಟರ್ ಉದ್ದ ಬೆಳೆಯುತ್ತದೆ. 600 ಮೀಟರ್ ಆಳದವರೆಗೂ ಮುಳುಗಬಲ್ಲದು. ಒಂದು ಗಂಟೆಯವರೆಗೂ ಉಸಿರು ಹಿಡಿಯಬಲ್ಲದು. ಹೆಪ್ಪುಗಟ್ಟಿದ ಕಡಲಿನಲ್ಲಿ ಉಸಿರಾಟಕ್ಕೆ ಬೇಕಾದ ರಂಧ್ರವನ್ನು ಹಲ್ಲಿನಿಂದಲೇ ಕೆರೆದು ತೆರೆದಿಟ್ಟುಕೊಳ್ಳುತ್ತದೆ. ಹಲ್ಲು ಸವೆದಂತೆ ಅದರ ಆಯುಸ್ಸೂ ಸವೆಯುತ್ತದೆ.

ಇಷ್ಟನ್ನು ತಿಳಿಯಲು ಮನುಷ್ಯನು ಪಟ್ಟ ಶ್ರಮವೇನು? ಎರೆಬಸ್ ಕೊಲ್ಲಿಯಲ್ಲಿ 1968ರಿಂದ ವಿಜ್ಞಾನಿಗಳು ಪ್ರತಿವರ್ಷವೂ ಹಿಮದ ಮೇಲೆ ನಡೆದು, ಹುಟ್ಟಿದ ಮರಿಗಳ ಈಜುಗಾಲಿಗೆ ಸಂಖ್ಯೆಯ ಬಿಲ್ಲೆ ತೊಡಿಸಿ, ತಾಯಿ ಯಾವುದು, ಮರಿ ಯಾವುದು ಎಂದು ಬರೆದಿಟ್ಟರು. ಅರ್ಧ ಶತಮಾನಕ್ಕೂ ಮಿಗಿಲಾಗಿ ನಡೆದ ಈ ಲೆಕ್ಕದಲ್ಲಿ ಸಾಹಸಕ್ಕಿಂತ ತಾಳ್ಮೆಯ ಪಾಲೇ ಹೆಚ್ಚು. ಚಳಿಯಲ್ಲಿ ಶಾಯಿ ಹೆಪ್ಪುಗಟ್ಟುವುದು. ಅಲ್ಲಿ ನೆರವಿಗೆ ಬರುವುದು ನಿಮ್ಮ ಚೀಲದಲ್ಲಿರುವಂಥ ಸೀಸದ ಕಡ್ಡಿಯೇ.

ಉಪಗ್ರಹವಿರುವಾಗ ಮನುಷ್ಯನು ಅಲ್ಲಿಗೆ ಏಕೆ ಹೋಗಬೇಕು ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 3 ಲಕ್ಷಕ್ಕೂ ಹೆಚ್ಚು ಮಂದಿ ಸಾಮಾನ್ಯ ಜನರು ಮನೆಯಲ್ಲೇ ಕುಳಿತು ಉಪಗ್ರಹದ ಚಿತ್ರಗಳನ್ನು ಪರಿಶೀಲಿಸಿ ನೆರವಾದರು. ಹೆಣ್ಣು ವೆಡೆಲ್ ಸೀಲ್‌ಗಳು ಸುಮಾರು 2 ಲಕ್ಷವೆಂದು ಅಂದಾಜಾಯಿತು. ಆದರೆ ಚಿತ್ರದಲ್ಲಿ ಸೀಲ್ ಒಂದು ಕಪ್ಪು ಚುಕ್ಕೆ ಮಾತ್ರ. ನೀರಿನೊಳಗಿರುವುದು ಅದರಲ್ಲಿ ಕಾಣದು. ಕಂಡದ್ದರ ವಯಸ್ಸೂ ತಿಳಿಯದು. ಆ ಕೊರತೆಯನ್ನು ತುಂಬಿದ್ದು ನೆಲದ ಮೇಲೆ ನಿಂತು ಎಣಿಸಿದವರ ಪುಸ್ತಕ. ಯಂತ್ರದ ಕಣ್ಣಿಗೆ ಮನುಷ್ಯನ ಕಣ್ಣೇ ಒರೆಗಲ್ಲು.

ಈ ಕೆಲಸಕ್ಕೆ ವಿನಯವೂ ಬೇಕು. 1991ರ ಪರಿಸರ ಒಪ್ಪಂದದಂತೆ ಅನುಮತಿಯಿಲ್ಲದೆ ಅಲ್ಲಿಯ ಪ್ರಾಣಿಯನ್ನು ಮುಟ್ಟುವಂತಿಲ್ಲ. ಸೀಲ್‌ಗಳಿಗೆ ರೋಗ ತಗಲೀತೆಂಬ ಭಯದಿಂದ, ದಶಕಗಳ ಕಾಲ ಜಾರುಬಂಡಿ ಎಳೆದ ನಾಯಿಗಳನ್ನೂ 1994ರೊಳಗೆ ಆ ಖಂಡದಿಂದ ಹೊರಕ್ಕೆ ಸಾಗಿಸಲಾಯಿತು.

ವಿದ್ಯಾರ್ಥಿ ಮಿತ್ರರೇ, ಧ್ರುವಕ್ಕೆ ಹೋಗುವ ಮೊದಲು ಮನೆಯ ಬಳಿಯೇ ಅಭ್ಯಾಸ ಮಾಡಬಹುದು. ವಡೋದರದ ನಡುವೆಯೇ ಹರಿಯುವ ವಿಶ್ವಾಮಿತ್ರಿಯಲ್ಲಿ ಮೊಸಳೆಗಳಿವೆ. ಹಿರಿಯರೊಡನೆ ಸೇತುವೆಯ ಮೇಲಿನಿಂದ ನೋಡಿರಿ. ಅಹಮದಾಬಾದಿನವರಿಗೆ ನಲ್ ಸರೋವರವಿದೆ. ಸೂರತ್ತಿನವರಿಗೆ ಚಳಿಗಾಲದಲ್ಲಿ ತಾಪಿಗೆ ಬರುವ ಕಡಲಹಕ್ಕಿಗಳಿವೆ. ದಿನಾಂಕ, ವೇಳೆ, ಸ್ಥಳ, ಸಂಖ್ಯೆ ಇಷ್ಟನ್ನು ಬರೆಯಿರಿ. ಏನೂ ಕಾಣದ ದಿನ ಸೊನ್ನೆಯೆಂದೇ ಬರೆಯಿರಿ. ಆ ಸೊನ್ನೆಯೂ ಸತ್ಯವೇ.

ಕನ್ನಡದಲ್ಲೇ ಬರೆಯಿರಿ. ಮುಂದೆ ಲೋಕಕ್ಕೆ ತಿಳಿಸಲು ಇಂಗ್ಲಿಷ್ ಬೇಕಾಗುವುದು, ಅದನ್ನೂ ಶ್ರದ್ಧೆಯಿಂದ ಕಲಿಯಿರಿ. ಆದರೆ ಕಂಡದ್ದನ್ನು ಕಂಡಂತೆ ಹೇಳುವ ಅಭ್ಯಾಸವು ಮನೆಮಾತಿನಲ್ಲಿ ಬೇಗ ಬೇರೂರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತುದರಿಂದ ಯಾವ ದಾರಿಯೂ ಮುಚ್ಚಿತೆಂದು ತಿಳಿಯಬೇಡಿರಿ. ನಿಜವನ್ನು ಬರೆಯದ ಪುಸ್ತಕಕ್ಕೆ ಮಾತ್ರ ವಿಜ್ಞಾನದಲ್ಲಿ ಸ್ಥಾನವಿಲ್ಲ.