‘ಸಸ್ಟೇನಬ್ಲಿ’ ಎಂದರೆ ಎಷ್ಟು?

ಅರಣ್ಯ ಯೋಜನೆಗಳ ಇಂಗ್ಲಿಷ್ ವರದಿಗಳಲ್ಲಿ ‘ಸಸ್ಟೇನಬ್ಲಿ’ ಎಂಬ ಪದ ಮತ್ತೆ ಮತ್ತೆ ಕಾಣುತ್ತದೆ. ಕನ್ನಡದಲ್ಲಿ ಅದು ‘ಸುಸ್ಥಿರವಾಗಿ’. ವ್ಯಾಕರಣದ ಪ್ರಕಾರ ಇದು ಕ್ರಿಯಾವಿಶೇಷಣ. ಕೆಲಸ ಹೇಗೆ ನಡೆಯಿತು ಎಂಬ ಪ್ರಶ್ನೆಗೆ ಉತ್ತರ.

ಪದದ ಮೂಲ ಲ್ಯಾಟಿನ್ನಿನ ‘ಸುಸ್ಟಿನೇರೆ’. ಕೆಳಗಿನಿಂದ ಎತ್ತಿಹಿಡಿಯುವುದು ಎಂದು ಅದರ ಅರ್ಥ. ಹಳೆಯ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ‘ಸಸ್ಟೇನ್’ ಆಯಿತು. ಆದರೆ ಇಂದಿನ ಅರ್ಥದ ಬೇರು ಅರಣ್ಯಶಾಸ್ತ್ರದಲ್ಲಿದೆ. ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿಗಳಿಗೂ ಕುಲುಮೆಗಳಿಗೂ ಮರದ ಅಭಾವ ತಲೆದೋರಿದಾಗ, ಗಣಿ ಆಡಳಿತಾಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಡಿನ ಬಾಳಿಕೆಯ ಬಳಕೆಯನ್ನು ಪ್ರತಿಪಾದಿಸಿದರು. 1987ರ ಬ್ರಂಟ್‌ಲ್ಯಾಂಡ್ ವರದಿ ಆ ವಿಚಾರವನ್ನು ಅಭಿವೃದ್ಧಿಯೊಂದಿಗೆ ಜೋಡಿಸಿ ಜಗತ್ತಿಗೆಲ್ಲ ಹರಡಿತು. ಭಾರತದ 2002ರ ಜೀವವೈವಿಧ್ಯ ಕಾಯ್ದೆಯಲ್ಲೂ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ‘ಸುಸ್ಥಿರ ಬಳಕೆ’ ಸೇರಿದೆ.

ತೊಡಕಿರುವುದು ಪದದ ಪ್ರಯೋಗದಲ್ಲಿ. ‘ನಿಧಾನವಾಗಿ ನಡೆದನು’ ಎಂಬುದು ನೋಡಿದವರಿಗೆ ತಿಳಿಯುತ್ತದೆ. ‘ಸುಸ್ಥಿರವಾಗಿ ಕೊಯ್ದರು’ ಎಂಬುದು ಅಂದೇ ಕಣ್ಣಿಗೆ ಕಾಣುವಂಥದ್ದಲ್ಲ. ಮುಂದಿನ ವರ್ಷಗಳ ಫಸಲು, ಮೊಳೆತ ಸಸಿಗಳು ಅದಕ್ಕೆ ಸಾಕ್ಷಿ ನುಡಿಯಬೇಕು. ಉಪ್ಪಾಗೆಯನ್ನು ಕೊಂಬೆ ಕಡಿಯದೆ ಕೊಯ್ದರೇ, ಹಣ್ಣಾಗಲು ಬಿಟ್ಟರೇ, ಬೀಜಕ್ಕೆಂದು ಎಷ್ಟು ಉಳಿಸಿದರು? ಇವಕ್ಕೆ ಉತ್ತರವಿಲ್ಲದಿದ್ದರೆ ಆ ಪದ ಬರಿಯ ಅಲಂಕಾರ.

ಆದ್ದರಿಂದ ಗ್ರಾಮಸಭೆಗೆ ಬರುವ ಯಾವುದೇ ಯೋಜನೆಯಲ್ಲಿ ಈ ಪದ ಕಂಡೊಡನೆ ಹಳ್ಳಿಗರೂ ವಿದ್ಯಾರ್ಥಿಗಳೂ ಮೂರು ಪ್ರಶ್ನೆ ಕೇಳಬೇಕು: ಎಷ್ಟು? ಎಲ್ಲಿಯವರೆಗೆ? ಲೆಕ್ಕವಿಡುವವರು ಯಾರು?