ಗಾಯ ಮಾಯುವ ರಬ್ಬರ್ ಬೆರಳು

ಮಾಗಿದ ಹಣ್ಣನ್ನು ಜಜ್ಜದೆ ಎತ್ತಿಡುವ ಕೆಲಸಕ್ಕೆ ಕಬ್ಬಿಣದ ಕೈ ಒಗ್ಗದು. ಅದಕ್ಕೆಂದೇ ಗಾಳಿ ತುಂಬಿದರೆ ಬಾಗುವ ರಬ್ಬರ್ ಬೆರಳುಗಳು ರೋಬೋಟ್‌ಗಳಿಗೆ ಬಂದವು. ಆದರೆ ಗಾಜಿನ ಚೂರೋ ಮುಳ್ಳೋ ತಗುಲಿದರೆ ಬೆರಳು ಸೀಳಿ, ಗಾಳಿ ಸೋರಿ, ಹಿಡಿತ ಹೋಗುತ್ತದೆ. ಇವನ್ನು ಹೆಚ್ಚಾಗಿ ಸಿಲಿಕೋನ್ ರಬ್ಬರಿನಿಂದ ಮಾಡುತ್ತಾರೆ. ಒಮ್ಮೆ ಅಚ್ಚಿನಲ್ಲಿ ಗಟ್ಟಿಯಾದ ಸಿಲಿಕೋನ್ ಮೇಣದಂತೆ ಮತ್ತೆ ಕರಗದು. ಹಾಗಾಗಿ ಸಣ್ಣ ಸೀಳಿಗೂ ಇಡೀ ಬೆರಳು ಕಸದ ಪಾಲು.

ಬ್ರಸೆಲ್ಸ್‌ನ ವ್ರೈಯೆ ವಿಶ್ವವಿದ್ಯಾಲಯದ ಸೆಪ್ಪೆ ಟೆರಿನ್ ಮತ್ತು ಸಂಗಡಿಗರು 2017ರಲ್ಲಿ ‘ಸೈನ್ಸ್ ರೋಬೋಟಿಕ್ಸ್’ ಪತ್ರಿಕೆಯಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಅವರ ರಬ್ಬರಿನಂಥ ಪಾಲಿಮರ್‌ನಲ್ಲಿ ಅಣುಗಳನ್ನು ಬೆಸೆಯುವ ಕೊಂಡಿಗಳು ಕಾಯಿಸಿದರೆ ಬಿಚ್ಚಿಕೊಳ್ಳುತ್ತವೆ, ಆರಿದರೆ ಮತ್ತೆ ಕೂಡಿಕೊಳ್ಳುತ್ತವೆ. ಡೀಲ್ಸ್ ಮತ್ತು ಆಲ್ಡರ್ ಎಂಬ ಜರ್ಮನ್ ರಸಾಯನ ವಿಜ್ಞಾನಿಗಳಿಗೆ 1950ರಲ್ಲಿ ನೊಬೆಲ್ ತಂದ ಕ್ರಿಯೆಯೇ ಇದರ ಬುನಾದಿ. ಸೀಳಿನ ಎರಡೂ ಅಂಚು ಒಂದಕ್ಕೊಂದು ತಾಗುವಂತೆ ಇಟ್ಟು, 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನಿಧಾನವಾಗಿ ಆರಲು ಬಿಟ್ಟರೆ ಗಾಯ ಮಾಯುತ್ತದೆ. ಬೆರಳು ಹೆಚ್ಚುಕಡಿಮೆ ಮೊದಲಿನಂತೆಯೇ ಬಾಗುತ್ತದೆ. ಒಲೆ ಬೇಕಾದ ಮೇಲೆ ಇಂಥ ವಸ್ತುವಿಗೆ ಕೊಡುವ ‘ತಾನೇ ಮಾಯುವ’ ಎಂಬ ಬಿರುದು ಕೊಂಚ ದೊಡ್ಡದಾಯಿತು, ನಿಜ. ಕೋಣೆಯ ಬಿಸಿಯಲ್ಲೇ ಮಾಯುವ ಬಗೆಗಳೂ ಆಮೇಲೆ ಬಂದಿವೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆಯದು: ಗಾಯ ಕೂಡಿಸುವ ಆ ಕೊಂಡಿಗಳೇ ಹಳೆಯ ಬೆರಳನ್ನು ಪೂರ್ತಿ ಕರಗಿಸಿ ಹೊಸ ಅಚ್ಚಿಗೆ ಹಾಕಲೂ ಬಿಡುತ್ತವೆ. ಈ ವಸ್ತುವಿನ ನಿಜವಾದ ಬೆಲೆ ಇರುವುದು ಅಲ್ಲಿ.

ಹೊಸ ಬೆರಳು ಸಿಕ್ಕಿಸಲು ಕೆಲವೇ ನಿಮಿಷ ಸಾಕು, ಗಾಯ ಮಾಯಲೆಂದು ಗಂಟೆಗಟ್ಟಲೆ ಯಾರು ಕಾಯುತ್ತಾರೆ ಎಂದು ಕಾರ್ಖಾನೆಯವರು ಕೇಳಬಹುದು. ಕಾಯಬೇಕಿಲ್ಲ. ಪಂಕ್ಚರ್ ಆದಾಗ ಸ್ಟೆಪ್ನಿ ಹಾಕಿಕೊಂಡು ಹೊರಡುತ್ತೇವೆ, ಹಳೆಯ ಚಕ್ರವನ್ನು ಅಂಗಡಿಗೆ ಕೊಡುತ್ತೇವೆ, ಎಸೆಯುವುದಿಲ್ಲವಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಸೀಳಿನೊಳಗೆ ಎಣ್ಣೆ, ಧೂಳು ಸೇರಿದರೆ ಅಂಚುಗಳು ಸರಿಯಾಗಿ ಕೂಡವು. ತುಂಡೇ ಕಿತ್ತುಹೋದರೆ ಮಾಯಲು ಏನೂ ಉಳಿಯದು. ಸುಲಭವಾಗಿ ಬಿಚ್ಚಿ ಕೂಡುವ ಕೊಂಡಿ ಭಾರ ಹೊತ್ತಾಗ ಮೆಲ್ಲಗೆ ಜಗ್ಗುವುದೂ ಉಂಟು. ಇದನ್ನು ಒಪ್ಪಲೇಬೇಕು: ಭಾರವಾದ, ಹರಿತವಾದ ಸರಕಿಗೆ ಈ ಬೆರಳು ಇನ್ನೂ ತಯಾರಾಗಿಲ್ಲ. ಆದರೆ ಹೀಗೆ ಕೆಟ್ಟ ಬೆರಳನ್ನೂ ಕರಗಿಸಿ ಮತ್ತೆ ಎರಕ ಹೊಯ್ಯಬಹುದು, ಸಿಲಿಕೋನ್‌ಗೆ ಆ ದಾರಿಯೂ ಇಲ್ಲ.

ಆದ್ದರಿಂದ ಇಂಥ ಕೈ ಕೊಳ್ಳುವವರು, ಎಷ್ಟು ಬೇಗ ಮಾಯುತ್ತದೆ ಎಂದು ಕೇಳುವ ಮೊದಲು, ಎಷ್ಟು ಸಲ ಮಾಯುತ್ತದೆ, ಕೊನೆಗೆ ಹಳೆಯದನ್ನು ವಾಪಸು ಪಡೆಯುತ್ತೀರಾ ಎಂದು ಮಾರುವವರನ್ನು ಕೇಳಲಿ.